ಕಾರ್ಲ್ ಬಾರ್ತನೂ ಪ್ರಸಂಗಪೀಠದ ಸಮಸ್ಯೆಯೂ

೧೯೨೨ರ ಅಕ್ಟೋಬರಿನಲ್ಲಿ ಜರ್ಮನಿಯ ಎಲ್ಗರ್ಸ್‌ಬುರ್ಗ್ ಎಂಬಲ್ಲಿ ಧರ್ಮಶಾಸ್ತ್ರಜ್ಞ ಕಾರ್ಲ್ ಬಾರ್ತನು ಮಾಡಿದ ಉಪನ್ಯಾಸದ ತಿರುಳಿಷ್ಟು: ದೇವರ ವಿಷಯವನ್ನು ಹೇಳುವುದು ಬೋಧಕನ ಕರ್ತವ್ಯ, ಮನುಷ್ಯಮಾತ್ರನಾದುದರಿಂದ ಅವನು ಅದನ್ನು ಹೇಳಲಾರನು, ಇವೆರಡನ್ನೂ ಒಪ್ಪಿಕೊಂಡೇ ಅವನು ದೇವರಿಗೆ ಮಹಿಮೆಯನ್ನು ಸಲ್ಲಿಸಬೇಕು. ಇದನ್ನು ಕೇವಲ ತರ್ಕಚಮತ್ಕಾರವೆಂದು ಬಗೆಯುವವರುಂಟು. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ನಮಗೆ ಹಾಗೆ ತೋರುವುದಿಲ್ಲ.

ಬಾರ್ತನು ೧೯೧೧ರಿಂದ ೧೯೨೧ರವರೆಗೆ ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಗ್ರಾಮದಲ್ಲಿ ಸಭಾಪಾಲಕನಾಗಿದ್ದನು. ಗಿರಣಿಗಳಲ್ಲಿ ದುಡಿಯುವವರು ಅಲ್ಲಿ ಬಹುಮಂದಿ. ಅವರ ಮುಂದೆ ವಾರವಾರವೂ, ನಮ್ಮ ಕನ್ನಡ ಕ್ರೈಸ್ತರು ಪ್ರಸಂಗವೆಂದು ಕರೆಯುವ ಧರ್ಮೋಪದೇಶವನ್ನು ಮಾಡಬೇಕಾಗಿತ್ತು. ಬರ್ಲಿನ್ನಿನಲ್ಲಿ ಹಾರ್ನಾಕನಿಂದಲೂ ಮಾರ್ಬುರ್ಗಿನಲ್ಲಿ ಹೆರ್ಮನ್ನನಿಂದಲೂ ಅವನು ಕಲಿತಿದ್ದ ವಿದ್ಯೆಯಾದರೋ ಮನುಷ್ಯನ ಧರ್ಮಾನುಭವವನ್ನೂ ನೀತಿಯನ್ನೂ ನೆಚ್ಚಿದ್ದಿತು. ಪೀಠದ ಮೇಲೆ ನಿಂತವನಿಗೆ ಅದು ಸಾಲದಾಯಿತು.

ಅಷ್ಟರಲ್ಲಿ ಮಹಾಯುದ್ಧವು ಮೊದಲಾಯಿತು. ಜರ್ಮನಿಯ ಪ್ರಸಂಗಪೀಠಗಳಿಂದ ದೇವರ ಹೆಸರಿನಲ್ಲಿಯೇ ಯುದ್ಧದ ಸಮರ್ಥನೆ ಕೇಳಿಬಂದಿತು. ಜರ್ಮನಿಯ ಪಕ್ಷವನ್ನು ಎತ್ತಿಹಿಡಿದು ೯೩ ಮಂದಿ ಗಣ್ಯರು ಹೊರಡಿಸಿದ ಪ್ರಕಟಣೆಯಲ್ಲಿ ಅವನ ಈ ಗುರುಗಳಿಬ್ಬರ ಹೆಸರುಗಳೂ ಇದ್ದುವು. ೧೯೫೭ರಲ್ಲಿ ಬಾರ್ತನು ಇದನ್ನು ನೆನೆಯುತ್ತ, ೧೯೧೪ರ ಆಗಸ್ಟ್ ಮೊದಲ ಭಾಗದ ಒಂದು ದಿನದ ಆಘಾತವೆಂದು ಹೇಳಿದನು. ಆದರೆ ಪ್ರಕಟಣೆ ಹೊರಟದ್ದು ಅಕ್ಟೋಬರ್ ೪ರಂದು. ಆಗಸ್ಟಿನಲ್ಲಿ ನಡೆದದ್ದು ಬೇರೆ: ಚಕ್ರವರ್ತಿಯು ಜನತೆಗೆ ಕೊಟ್ಟ ಕರೆಯ ಕರಡನ್ನು ಹಾರ್ನಾಕನು ಸಿದ್ಧಪಡಿಸಿಕೊಟ್ಟಿದ್ದನು. ಎರಡೂ ನೆನಪಿನಲ್ಲಿ ಬೆರೆತಿರಬೇಕೆಂದು ನಮ್ಮ ಊಹೆ.

ತಾರೀಖಿನ ಈ ವ್ಯತ್ಯಾಸ ಅಲ್ಪವೆನ್ನುವಂತಿಲ್ಲ. ಒಂದೇ ದಿನದಲ್ಲಿ ಹಳೆಯ ಧರ್ಮಶಾಸ್ತ್ರ ಕುಸಿದು ಹೊಸದು ಹುಟ್ಟಿತೆಂಬ ಪ್ರಚಲಿತ ಕಥೆಯು ಈ ನೆನಪನ್ನೇ ಆಶ್ರಯಿಸಿದೆ. ನಡೆದದ್ದು ನಿಧಾನವಾಗಿ. ೧೯೧೫ರಲ್ಲಿ ಅವನು ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷವನ್ನು ಸೇರಿದನು. ನೆರೆಯ ಲಾಯ್ಟ್‌ವಿಲ್ಲಿನ ಪಾಲಕ ಟುರ್ನೈಸೆನ್ನನೊಡನೆ ಪತ್ರಮುಖವಾಗಿಯೂ ಮುಖತಃ ಆಗಿಯೂ ಚರ್ಚಿಸುತ್ತ ಬಂದನು. ೧೯೧೬ರಲ್ಲಿ ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯನ್ನು ಹೊಸದಾಗಿ ಓದತೊಡಗಿದನು. ಅದರ ವ್ಯಾಖ್ಯಾನವು ೧೯೧೯ರ ಇಸವಿಯನ್ನು ಹೊತ್ತು ಪ್ರಕಟವಾಯಿತು. ಅಷ್ಟಕ್ಕೂ ತೃಪ್ತಿಯಿಲ್ಲದೆ ಇಡೀ ಗ್ರಂಥವನ್ನು ತಿದ್ದಿ ಬರೆದು ೧೯೨೨ರಲ್ಲಿ ಮತ್ತೆ ಹೊರತಂದನು. ಎಲ್ಗರ್ಸ್‌ಬುರ್ಗಿನ ಮಾತುಗಳ ಹಿಂದೆ ಇರುವುದು ಹತ್ತು ವರ್ಷಗಳ ಭಾನುವಾರಗಳೆಂದು ನಾವು ಎಣಿಸುತ್ತೇವೆ.

ಹೇಳಲಾಗದೆಂದವನು ಹೇಳುವುದನ್ನು ಬಿಟ್ಟನೆ? ಬಿಡಲಿಲ್ಲ. ಅರವತ್ತೆಂಟರ ವಯಸ್ಸಿನಲ್ಲಿ, ೧೯೫೪ರಿಂದ, ಅವನು ಬಾಸೆಲ್ ನಗರದ ಸೆರೆಮನೆಗೆ ಹೋಗಿ ಪ್ರಸಂಗ ಮಾಡತೊಡಗಿದನು. ಆ ಪ್ರಸಂಗಗಳ ಮೊದಲ ಸಂಪುಟ ೧೯೫೯ರಲ್ಲಿ ಅಚ್ಚಾಯಿತು. ಅವನ ಮಹಾಗ್ರಂಥಗಳ ದೀರ್ಘವಾಕ್ಯಗಳು ಅಲ್ಲಿಲ್ಲ. ಕೈದಿಗಳಿಗೆ ತಿಳಿಯುವಂತೆ ಚಿಕ್ಕ ಮಾತುಗಳಿವೆ, ನಡುನಡುವೆ ಪ್ರಾರ್ಥನೆಗಳಿವೆ.