ಕಾಡಿಗೆ ಬಂದ ಮೊಬೈಲ್ ಜಾಲ: ಎಸ್‌ಎಂಎಸ್‌ನಿಂದ 5ಜಿವರೆಗೆ

ಕಾಡಿನ ಕೆಲಸಕ್ಕೆ ಮೊಬೈಲ್ ಜಾಲ ಒದಗಿದ್ದು 5ಜಿ ಬರುವುದಕ್ಕೆ ಬಹಳ ಮೊದಲು, ಎಸ್‌ಎಂಎಸ್ ಕಾಲದಲ್ಲಿ. ಕೆನ್ಯಾದ ಓಲ್ ಪೆಜೆಟಾದಲ್ಲಿ ಕಿಮಾನಿ ಎಂಬ ಗಂಡಾನೆಯ ಕೊರಳಪಟ್ಟಿಗೆ ‘ಸೇವ್ ದಿ ಎಲಿಫೆಂಟ್ಸ್’ ಸಂಸ್ಥೆ ಸಿಮ್ ಕಾರ್ಡ್ ಅಳವಡಿಸಿತ್ತು. ನಕ್ಷೆಯಲ್ಲಿ ಗುರುತಿಸಿದ ಗಡಿ ದಾಟಿ ಆನೆ ಹೊಲಗಳತ್ತ ಹೊರಟರೆ ಕಾವಲುಗಾರರ ಫೋನಿಗೆ ಸಂದೇಶ ಬರುತ್ತಿತ್ತು. ಅವರು ಜೀಪಿನಲ್ಲಿ ಧಾವಿಸಿ ಅದನ್ನು ಹಿಂದಕ್ಕಟ್ಟುತ್ತಿದ್ದರು. 2008ರ ಹೊತ್ತಿಗೆ ಈ ಪ್ರಯೋಗ ಜಗತ್ತಿನ ಗಮನ ಸೆಳೆದಿತ್ತು.

ತಮಿಳುನಾಡಿನ ವಾಲ್ಪಾರೈಯಲ್ಲಿ ಸಂದೇಶ ಹೋದದ್ದು ಕಾವಲುಗಾರರಿಗಲ್ಲ, ತೋಟದ ಕಾರ್ಮಿಕರಿಗೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅಲ್ಲಿ ಆನೆಗಳಿರುವ ಜಾಗವನ್ನು ಸುತ್ತಲಿನವರಿಗೆ ಎಸ್‌ಎಂಎಸ್ ಮೂಲಕ ತಿಳಿಸತೊಡಗಿತು. ಎತ್ತರದ ಕಂಬಗಳ ಮೇಲೆ ಫೋನ್ ಕರೆಯಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳನ್ನು ಇಟ್ಟಿತು. ಸಂಜೆ ಬಸ್ಸಿಳಿದು ಲೈನ್ ಮನೆಗೆ ನಡೆದು ಹೋಗುವವರಿಗೆ ದೂರದಿಂದಲೇ ದೀಪ ಕಂಡರೆ ಸಾಕು, ಆ ದಾರಿ ಬಿಡುತ್ತಾರೆ. ಇದೇ ಬಗೆಯ ಮುನ್ನೆಚ್ಚರಿಕೆ ವ್ಯವಸ್ಥೆ ಮುಂದೆ ಹಾಸನ ಜಿಲ್ಲೆಯ ಆನೆಪೀಡಿತ ಕಾಫಿ ಸೀಮೆಗೂ ಬಂತು. ಈ ಕ್ಷೇತ್ರದಲ್ಲಿ ಇಂದಿಗೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನೇರವಾಗಿ ಜೀವ ಉಳಿಸುವ ಉಪಾಯಗಳು ವಿರಳ.

ಮುಂದಿನ ಹೆಜ್ಜೆ ಶಬ್ದದ್ದು. ಅಮೆರಿಕದ ಟೋಫರ್ ವೈಟ್ ಸ್ಥಾಪಿಸಿದ ‘ರೇನ್‌ಫಾರೆಸ್ಟ್ ಕನೆಕ್ಷನ್’ ಹಳೆಯ ಫೋನುಗಳಿಗೆ ಮೈಕ್ರೊಫೋನು, ಸೌರಫಲಕ ಜೋಡಿಸಿ ಇಂಡೊನೇಷ್ಯಾದ ಸುಮಾತ್ರಾದ ಮರಗಳ ತುದಿಯಲ್ಲಿ ಕಟ್ಟಿತು. ಗರಗಸದ ಯಂತ್ರದ ಸದ್ದು ಕೇಳಿದೊಡನೆ ಕಾವಲುಗಾರರಿಗೆ ಸುದ್ದಿ ಮುಟ್ಟುತ್ತಿತ್ತು. ದಟ್ಟ ಕಾಡಿನ ಅಂಚಿನಲ್ಲೂ ಬಳಸುವಷ್ಟು ಸಿಗ್ನಲ್ ಇದೆ ಎಂಬುದನ್ನು ಈ ಪ್ರಯೋಗ ತೋರಿಸಿಕೊಟ್ಟಿತು. 2016ರಲ್ಲಿ ರೂಪುಗೊಂಡ ಎನ್‌ಬಿ-ಐಒಟಿ ಮಾನದಂಡವು ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುವ ಸಣ್ಣ ಸಂವೇದಕಗಳಿಗೆ ಮೊಬೈಲ್ ಜಾಲವನ್ನು ತೆರೆಯಿತು.

ಪ್ರವಾಸೋದ್ಯಮದ ಬೇಡಿಕೆ ಬೇರೆಯೇ. ತೇವಾಂಶ ಅಳೆಯುವ ಉಪಕರಣಕ್ಕೆ ದಿನಕ್ಕೆ ಕೆಲವು ಅಂಕಿಗಳನ್ನು ಕಳಿಸಿದರೆ ಸಾಕು. ನೂರಾರು ಪ್ರವಾಸಿಗರ ಫೋನಿಗೆ ಏಕಕಾಲಕ್ಕೆ ಚಲಿಸುವ ದೃಶ್ಯ ಒದಗಿಸಲು ಅಗಲವಾದ ತರಂಗಪಟ್ಟಿಯೂ ಕಡಿಮೆ ವಿಳಂಬವೂ ಬೇಕು. ಬ್ರಿಟನ್ನಿನ ಬಾತ್ ನಗರದ ರೋಮನ್ ಸ್ನಾನಗೃಹದಲ್ಲಿ 2018ರ ಡಿಸೆಂಬರಿನಲ್ಲಿ ಇದರ ಪರೀಕ್ಷೆ ನಡೆಯಿತು: ಫೋನನ್ನು ಎತ್ತಿ ಹಿಡಿದರೆ ಅದೇ ಜಾಗದ ಪ್ರಾಚೀನ ರೂಪ ಪರದೆಯ ಮೇಲೆ ಮೂಡುತ್ತಿತ್ತು.

ಎರಡೂ ಬೇಡಿಕೆಗಳನ್ನು ಒಂದೇ ಜಾಲದಡಿ ತರುವ ಪ್ರಯತ್ನಕ್ಕೆ ರಾಬಿನ್ ಹುಡ್ ದಂತಕತೆಯ ಶೆರ್‌ವುಡ್ ಕಾಡು ನೆಲೆಯಾಯಿತು. 2020ರ ಫೆಬ್ರುವರಿಯಲ್ಲಿ ಬ್ರಿಟನ್ ಸರ್ಕಾರ ಘೋಷಿಸಿದ ಗ್ರಾಮೀಣ 5ಜಿ ಯೋಜನೆಗಳಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿ ಕೌನ್ಸಿಲ್ ನೇತೃತ್ವದ ‘5ಜಿ ಕನೆಕ್ಟೆಡ್ ಫಾರೆಸ್ಟ್’ ಒಂದು. ರಾಬಿನ್ ಹುಡ್ ಕಥನವನ್ನು ಆಗ್ಮೆಂಟೆಡ್ ಮತ್ತು ವರ್ಚುವಲ್ ರಿಯಾಲಿಟಿಗೆ ಒಗ್ಗಿಸುವುದು, ರೋಬೋಗಳ ನೆರವಿನಿಂದ ಕಾಡಿನ ಆರೋಗ್ಯದ ಮೇಲೆ ಕಣ್ಣಿಡುವುದು ಅದರ ಗುರಿಗಳಲ್ಲಿ ಸೇರಿದ್ದವು.

ಜಾಗದ ಆಯ್ಕೆ ಅರ್ಥಪೂರ್ಣವಾಗಿತ್ತು. ಶೆರ್‌ವುಡ್‌ನ ‘ಮೇಜರ್ ಓಕ್’ ಮರಕ್ಕೆ ಸುಮಾರು 800ರಿಂದ 1,000 ವರ್ಷ ವಯಸ್ಸೆಂದು ಅಂದಾಜು. ಅದರ ಭಾರವಾದ ಕೊಂಬೆಗಳಿಗೆ ಊರುಗೋಲು ಕೊಡಲಾಗಿದೆ. ನೋಡಲು ಬಂದವರ ಕಾಲ್ತುಳಿತಕ್ಕೆ ಬುಡದ ಮಣ್ಣು ಗಟ್ಟಿಯಾಗಿ, ಬೇರಿಗೆ ನೀರೂ ಗಾಳಿಯೂ ಇಳಿಯದಂತಾದಾಗ 1970ರ ದಶಕದಲ್ಲಿ ಸುತ್ತ ಬೇಲಿ ಹಾಕಬೇಕಾಯಿತು. ಕಾಡಿನ ಮೇಲಿನ ಅಕ್ಕರೆಯಿಂದ ಬಂದವರಿಂದಲೇ ಕಾಡಿಗೆ ಪೆಟ್ಟು ಬೀಳುವ ಈ ಸ್ಥಿತಿ ದೊಡ್ಡ ಪ್ರವಾಸಿ ಕಾಡುಗಳಿಗೆಲ್ಲ ಪರಿಚಿತವೇ. ಬೇಲಿಯ ಹೊರಗೆ, ದೂರದಲ್ಲಿ ನಿಂತೇ ಮರದ ಕಥೆಯನ್ನು ಕಣ್ತುಂಬ ನೋಡುವಂತಾದರೆ ತಂತ್ರಜ್ಞಾನ ಬರಿಯ ಆಕರ್ಷಣೆಯಾಗಿ ಉಳಿಯದೆ ರಕ್ಷಣೆಯ ಉಪಕರಣವೂ ಆಗುತ್ತದೆ. ಜನರನ್ನು ಇನ್ನಷ್ಟು ಸೆಳೆದು ಅದೇ ನೆಲಕ್ಕೆ ತಂದು ನಿಲ್ಲಿಸಿದರೆ ಫಲ ತದ್ವಿರುದ್ಧ.

ತಾಂತ್ರಿಕ ತೊಡಕುಗಳೂ ಸಣ್ಣವಲ್ಲ. ಹೆಚ್ಚಿನ ಆವರ್ತನದ ತರಂಗಗಳನ್ನು ಎಲೆಗಳಲ್ಲಿರುವ ನೀರು ಹೀರಿಕೊಳ್ಳುತ್ತದೆ. ಓಕ್ ಎಲೆ ಉದುರಿಸುವ ಮರ. ಚಳಿಗಾಲದ ಬೋಳು ಕಾಡಿನಲ್ಲಿ ಅಳೆದ ಸಿಗ್ನಲ್ ಜೂನ್ ತಿಂಗಳ ಹಸಿರಿನಲ್ಲಿ ಸಿಗುವುದಿಲ್ಲ. 700 ಮೆಗಾಹರ್ಟ್ಸ್‌ನಂಥ ಕೆಳ ಆವರ್ತನ ಎಲೆಗಳನ್ನು ದಾಟಿ ದೂರ ಹೋಗುತ್ತದಾದರೂ ಅಲ್ಲಿ ತರಂಗಪಟ್ಟಿ ಕಿರಿದು. ಗೋಪುರ ಹತ್ತಿರ ಹತ್ತಿರ ನಿಲ್ಲಿಸೋಣವೆಂದರೆ ವಿದ್ಯುತ್ತಿಗೂ ಫೈಬರ್ ಕೇಬಲ್ಲಿಗೂ ನೆಲ ಅಗೆಯಬೇಕು; ಹಳೆಯ ಬೇರುಗಳಿರುವ ಕಡೆ ಅಗೆತವೇ ಅಪಾಯ.

ಪರವಾನಗಿಯ ವಿಷಯದಲ್ಲಿ ಬ್ರಿಟನ್ ಒಂದು ಒಳ್ಳೆಯ ದಾರಿ ತೆರೆಯಿತು. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2019ರಲ್ಲಿ 3.8ರಿಂದ 4.2 ಗಿಗಾಹರ್ಟ್ಸ್ ಪಟ್ಟಿಯನ್ನು ಸ್ಥಳೀಯ ಬಳಕೆಗೆ ಬಿಟ್ಟುಕೊಟ್ಟಿತು. ಸಣ್ಣ ಪ್ರದೇಶಕ್ಕೆ ವರ್ಷಕ್ಕೆ 10 ಮೆಗಾಹರ್ಟ್ಸ್‌ಗೆ 80 ಪೌಂಡ್ ಶುಲ್ಕ. ದೊಡ್ಡ ಕಂಪನಿಗಳು ಬರಲಿ ಎಂದು ಕಾಯದೆ ಒಂದು ಉದ್ಯಾನ, ಒಂದು ಹಳ್ಳಿ ತನ್ನದೇ ಜಾಲ ಕಟ್ಟಿಕೊಳ್ಳಲು ಇದರಿಂದ ಸಾಧ್ಯವಾಯಿತು. ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಖಾಸಗಿ ಸ್ವಂತ ಜಾಲಗಳಿಗೆ ಮಾರ್ಗಸೂಚಿ ಬಂದದ್ದೂ ಅದೇ ವರ್ಷ.

ಪ್ರಾಯೋಗಿಕ ಯೋಜನೆಗಳಿಗೆ ಅನುದಾನವಿರುವುದು ಅವಧಿ ಮುಗಿಯುವವರೆಗೆ. ಆಮೇಲೂ ಗೋಪುರಕ್ಕೆ ವಿದ್ಯುತ್ ಬಿಲ್ ಕಟ್ಟಬೇಕು, ಗಾಳಿಮಳೆಗೆ ಹಾಳಾದ ಉಪಕರಣ ದುರಸ್ತಿಯಾಗಬೇಕು. ಕಾಡಿನಲ್ಲಿ ಚಂದಾದಾರರು ವಿರಳವಾದ್ದರಿಂದ ಕಂಪನಿಗಳಿಗೆ ಅಲ್ಲಿ ಲಾಭ ಕಾಣುವುದಿಲ್ಲ. ಹಾಗಾಗಿ ಈ ಹೊಣೆ ಸ್ಥಳೀಯ ಸಂಸ್ಥೆ, ಅರಣ್ಯ ಇಲಾಖೆ ಅಥವಾ ಉದ್ಯಾನ ನಡೆಸುವವರ ಮೇಲೆಯೇ ಬೀಳುತ್ತದೆ. ಪ್ರವಾಸಿಗರಿಂದ ಬರುವ ಹಣದ ಒಂದು ಪಾಲನ್ನು ಸಂವೇದಕಗಳ ನಿರ್ವಹಣೆಗೆ ತೆಗೆದಿಡುವುದು ಅವರ ಮುಂದಿರುವ ದಾರಿಗಳಲ್ಲೊಂದು.