ದ್ವಾರದ ಮೇಲಿನ ಭೀಕರಪ್ರಾಣಿಗಳು: ನಾರ್ಸ್ ಪುರಾಣವೂ ದಖ್ಖನಿನ ಶಿಲ್ಪವೂ

ಭಯವನ್ನು ಹುಟ್ಟಿಸುವ ಪ್ರಾಣಿಗಳನ್ನು ಕಲ್ಪಿಸದ ಪುರಾಣವು ಪ್ರಪಂಚದಲ್ಲಿ ವಿರಳ. ಆದರೆ ಆ ಪ್ರಾಣಿಗಳನ್ನು ಕಥೆಯಿಂದ ಹೊರತಂದು ಬಾಗಿಲಿನ ಮೇಲೆ ಏಕೆ ಕೆತ್ತಿದರು, ಹಳೆಯ ಧರ್ಮವು ಸರಿದು ಹೊಸ ಧರ್ಮವು ಬಂದ ಮೇಲೂ ಅವು ಬಾಗಿಲನ್ನು ಬಿಟ್ಟು ಏಕೆ ಕದಲಲಿಲ್ಲ ಎಂಬ ಪ್ರಶ್ನೆಗಳು ಇತಿಹಾಸಕ್ಕೆ ಸೇರಿದವು. ಕಲಬುರಗಿ ಮತ್ತು ಬೀದರ ಪ್ರಾಂತಗಳ ಸುಲ್ತಾನರ ಕಟ್ಟಡಗಳಲ್ಲಿ ಕಾಣುವ ಪ್ರಾಣಿಶಿಲ್ಪಗಳ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಅವು ಕೆಡವಿದ ದೇವಾಲಯಗಳ ಅವಶೇಷಗಳೆಂಬುದು ಒಂದು. ಅರ್ಥವಿಲ್ಲದ ಅಲಂಕಾರಗಳೆಂಬುದು ಇನ್ನೊಂದು. ಈ ಎರಡೂ ಸಾಲವೆಂಬುದನ್ನು ದೂರದ ಸ್ಕ್ಯಾಂಡಿನೇವಿಯದ ಸಾಕ್ಷ್ಯದೊಡನೆ ಹೋಲಿಸಿ ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ನಾರ್ಸ್ ಪುರಾಣದ ಭೀಕರಪ್ರಾಣಿಗಳನ್ನು ಕುರಿತ ನಮ್ಮ ತಿಳಿವಳಿಕೆಗೆ ಮುಖ್ಯ ಆಧಾರವೆಂದರೆ ಐಸ್‌ಲೆಂಡಿನ ಸ್ನೋರಿ ಸ್ಟುರ್ಲುಸನ್ (೧೧೭೯-೧೨೪೧) ಎಂಬ ವಿದ್ವಾಂಸನು ಸುಮಾರು ೧೨೨೦ರಲ್ಲಿ ರಚಿಸಿದ ಎಡ್ಡಾ ಗ್ರಂಥ. ಲೋಕಿ ಎಂಬ ಕುಟಿಲ ದೇವತೆಗೆ ರಾಕ್ಷಸಿಯಲ್ಲಿ ಮೂವರು ಮಕ್ಕಳು: ಫೆನ್ರಿರ್ ಎಂಬ ತೋಳ, ಲೋಕವನ್ನು ಸುತ್ತಿಕೊಂಡು ಕಡಲಿನಲ್ಲಿ ಮಲಗಿರುವ ಯೋರ್ಮುಂಗಾಂಡ್ ಎಂಬ ಸರ್ಪ, ಮೃತರ ಲೋಕದ ಒಡತಿಯಾದ ಹೆಲ್. ತೋಳದ ಬೆಳವಣಿಗೆಯನ್ನು ಕಂಡು ಬೆದರಿದ ದೇವತೆಗಳು ಅದನ್ನು ಮಾಯೆಯ ಪಾಶದಿಂದ ಬಂಧಿಸಿದರು. ಬೆಕ್ಕಿನ ಹೆಜ್ಜೆಯ ಸದ್ದು, ಹೆಣ್ಣಿನ ಗಡ್ಡ, ಪರ್ವತದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು ಎಂಬ ಆರು ವಸ್ತುಗಳಿಂದ ಆ ಪಾಶವನ್ನು ಹೊಸೆದಿತ್ತೆಂದು ಸ್ನೋರಿ ಹೇಳುತ್ತಾನೆ. ನಂಬಿಕೆಗಾಗಿ ತೋಳದ ಬಾಯಲ್ಲಿ ಕೈಯಿಟ್ಟ ತೀರ್ ದೇವತೆಯು ಆ ಕೈಯನ್ನು ಕಳೆದುಕೊಂಡನು. ಯುಗಾಂತದಲ್ಲಿ ಪಾಶವು ಹರಿದು ತೋಳವು ದೇವಶ್ರೇಷ್ಠನಾದ ಓದಿನ್‌ನನ್ನು ನುಂಗುವುದು. ಥೋರನೂ ಸರ್ಪವೂ ಪರಸ್ಪರ ಹೋರಾಡಿ ಮಡಿಯುವರು. ಸೂರ್ಯಚಂದ್ರರನ್ನು ಬೆನ್ನಟ್ಟುವ ತೋಳಗಳೂ ಅಂದು ತಮ್ಮ ಬೇಟೆಯನ್ನು ಹಿಡಿಯುವುವು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಐಸ್‌ಲೆಂಡು ಕ್ರೈಸ್ತಮತವನ್ನು ಅಂಗೀಕರಿಸಿದ್ದು ಸುಮಾರು ಕ್ರಿ.ಶ. ೧೦೦೦ದಲ್ಲಿ, ಎಡ್ಡಾ ಗ್ರಂಥವು ಅದಕ್ಕಿಂತ ಎರಡು ಶತಮಾನ ಈಚಿನದು. ಆದ್ದರಿಂದ ಶಿಲ್ಪದ ಸಾಕ್ಷ್ಯಕ್ಕೆ ವಿಶೇಷ ಬೆಲೆಯಿದೆ. ೮೩೪ರಲ್ಲಿ ಹೂಳಲ್ಪಟ್ಟು, ೧೯೦೪-೦೫ರಲ್ಲಿ ಅಗೆದು ತೆಗೆದ ನಾರ್ವೆಯ ಓಸೆಬೆರ್ಗ್ ನೌಕೆಯಲ್ಲಿ ಪ್ರಾಣಿಮುಖದ ಮರದ ಕಂಬಗಳು ದೊರೆತಿವೆ. ಹಡಗಿನ ಮುಂದಲೆಯ ಬಾಯಿತೆರೆದ ಪ್ರಾಣಿಮುಖಗಳನ್ನು ನೆಲವು ಕಣ್ಣಿಗೆ ಬೀಳುವ ಮುನ್ನವೇ ತೆಗೆದಿಡಬೇಕು, ಇಲ್ಲವಾದರೆ ಆ ನೆಲವನ್ನು ಕಾಯುವ ಭೂತಗಳು ಬೆದರುವುವು ಎಂಬ ಹಳೆಯ ಕಟ್ಟಳೆಯೊಂದು ಐಸ್‌ಲೆಂಡಿನ ಬರಹಗಳಲ್ಲಿ ಉಳಿದುಬಂದಿದೆ. ಭೀಕರರೂಪವು ನೋಡುವವನ ಸಂತೋಷಕ್ಕಾಗಿರದೆ, ಎದುರಿನ ಶಕ್ತಿಯ ಮೇಲೆ ಪ್ರಯೋಗಿಸುವ ಆಯುಧವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಮತಾಂತರದ ಬಳಿಕವೂ ಆ ರೂಪವು ಅಳಿಯಲಿಲ್ಲ. ಇಂಗ್ಲೆಂಡಿನ ಗಾಸ್‌ಫರ್ತ್ ಗ್ರಾಮದ ಹತ್ತನೆಯ ಶತಮಾನದ ಶಿಲಾಶಿಲುಬೆಯ ಮೇಲೆ ಪ್ರಾಣಿಯ ಬಾಯನ್ನು ಸೀಳುವ ವೀರನೊಬ್ಬನಿದ್ದಾನೆ. ತಂದೆಯನ್ನು ನುಂಗಿದ ತೋಳವನ್ನು ಕೊಲ್ಲುವ ವೀದಾರನೇ ಅವನೆಂದು ವಿದ್ವಾಂಸರು ಗುರುತಿಸಿದ್ದಾರೆ. ನಾರ್ವೆಯ ಉರ್ನೆಸ್ ಗ್ರಾಮದ ಮರದ ಇಗರ್ಜಿಯನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿದಾಗ, ಹನ್ನೊಂದನೆಯ ಶತಮಾನದ ಇಗರ್ಜಿಯೊಂದರ ಬಾಗಿಲವಾಡವನ್ನು ತಂದು ಜೋಡಿಸಿದರು. ಅದರಲ್ಲಿ ಪ್ರಾಣಿಗಳೂ ಸರ್ಪಗಳೂ ಒಂದನ್ನೊಂದು ಕಚ್ಚಿ ಹೆಣೆದುಕೊಂಡಿವೆ. ಮರುಬಳಕೆಯ ವಸ್ತುವೆಂದಮಾತ್ರಕ್ಕೆ ಅದು ಅರ್ಥಹೀನವಾಗಲಿಲ್ಲ. ಬೇಕೆಂದೇ ಆರಿಸಿ ಕಾಣುವೆಡೆಯಲ್ಲಿ ಇರಿಸಿದ ವಸ್ತುವದು.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಜಲಂಧರನ ದೂತನಾಗಿ ಬಂದ ರಾಹುವನ್ನು ನುಂಗಲೆಂದು ಶಿವನ ಹಣೆಗಣ್ಣಿನಿಂದ ಹಸಿದ ಭೂತವೊಂದು ಹೊರಟಿತು. ರಾಹುವು ಶರಣಾಗತನಾದುದರಿಂದ ಆಹಾರವನ್ನು ಕಳೆದುಕೊಂಡ ಆ ಭೂತವು ಶಿವನ ಆಜ್ಞೆಯಂತೆ ತನ್ನ ಮೈಯನ್ನೇ ತಿಂದು ಮುಖಮಾತ್ರವಾಗಿ ಉಳಿಯಿತು. ಶಿವನು ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು ತನ್ನ ಬಾಗಿಲಿನಲ್ಲಿ ನಿಲ್ಲಿಸಿದನು. ಸ್ಕಂದಪುರಾಣದ ಈ ಕಥೆಯನ್ನು ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳು ಕಲ್ಲಿನಲ್ಲಿ ಮತ್ತೆ ಮತ್ತೆ ಹೇಳುತ್ತವೆ. ೧೧೧೨ರ ಇಟಗಿಯ ಮಹಾದೇವ ದೇವಾಲಯದ ಕೀರ್ತಿಮುಖಗಳು ಇದಕ್ಕೆ ಉತ್ತಮ ನಿದರ್ಶನ.

ಗಂಡಭೇರುಂಡದ ಚರಿತ್ರೆ ಇನ್ನೂ ಸ್ಪಷ್ಟವಾದುದು. ನರಸಿಂಹನನ್ನು ಅಡಗಿಸಲು ಶಿವನು ಶರಭನಾದನೆಂದೂ ಶರಭನನ್ನು ಎದುರಿಸಲು ನರಸಿಂಹನು ಗಂಡಭೇರುಂಡನಾದನೆಂದೂ ಹೇಳುವ ಕಥೆಯುಂಟು. ಒಂದನ್ನೊಂದು ಮೀರುವ ಬಲಗಳ ಈ ಕ್ರಮವನ್ನು ಬೇಲೂರಿನ ಶಿಲ್ಪಿಯು ಜಿಂಕೆ, ಹೆಬ್ಬಾವು, ಆನೆ, ಸಿಂಹ, ಶರಭ, ಗಂಡಭೇರುಂಡಗಳ ಸಾಲಾಗಿ ಕೆತ್ತಿದ್ದಾನೆ. ಆದರೆ ಇದಕ್ಕೂ ಹಿಂದೆ, ೧೦೪೭ರಲ್ಲಿ, ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯರಸನು ಬಳ್ಳಿಗಾವೆಯಲ್ಲಿ ಭೇರುಂಡಸ್ತಂಭವನ್ನು ನಿಲ್ಲಿಸಿದನು. ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆಗಳನ್ನುಳ್ಳ ಮೂರ್ತಿಯದು. ಗಂಡಭೇರುಂಡವೆಂಬುದು ಆ ಅರಸನ ಬಿರುದೂ ಆಗಿದ್ದಿತು. ಎಂದರೆ ಹನ್ನೊಂದನೆಯ ಶತಮಾನದ ಹೊತ್ತಿಗೇ ಈ ಪ್ರಾಣಿಯು ಪುರಾಣದಿಂದ ರಾಜಕೀಯಕ್ಕೆ ಇಳಿದುಬಂದಿದ್ದಿತು. ಅದರ ಭೀಕರತೆಯು ಆಳುವವನ ಪರಾಕ್ರಮದ ಸಂಕೇತವಾಗಿದ್ದಿತು.

೧೩೪೭ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ಅದರ ರಾಜಧಾನಿಯಾಯಿತು. ಅಹಮದ್ ಷಾಹನ ಕಾಲದಲ್ಲಿ ರಾಜಧಾನಿಯು ಬೀದರಕ್ಕೆ ಸಾಗಿತು. ಕಲಬುರಗಿಯ ದರ್ಗಾದ ಬಳಿಯ ಬೃಹತ್ ಕಮಾನಿನ ಮೇಲೆ ಪ್ರಾಣಿಲಾಂಛನಗಳಿವೆ. ಬೀದರ ಕೋಟೆಯ ಷರ್ಜಾ ದರವಾಜೆಯ ಮೇಲೆ ಎರಡು ಕ್ರೂರಮೃಗಗಳ ಉಬ್ಬುಶಿಲ್ಪಗಳೂ ೧೫೦೩ರ ಪಾರಸಿ ಶಾಸನವೂ ಇವೆ. ಅದೇ ಕೋಟೆಯ ತಖ್ತ್ ಮಹಲಿನ ಕಮಾನಿನಲ್ಲಿ ಬೆನ್ನ ಹಿಂದೆ ಸೂರ್ಯನು ಉದಯಿಸುತ್ತಿರುವ ಮೃಗದ ಲಾಂಛನವುಂಟು. ಸೂರ್ಯನೊಡನಿರುವ ಈ ಮೃಗವು ಇರಾನಿನ ಸಂಪ್ರದಾಯಕ್ಕೆ ಸಮೀಪವಾದುದೇ ಹೊರತು ದೇವಾಲಯದ ಅವಶೇಷವಲ್ಲ. ಷರ್ಜಾ ಎಂಬುದು ಉಗ್ರವೆಂಬ ಅರ್ಥದ ಪಾರಸಿ ಶಬ್ದ. ಶರಭ ಎಂಬುದು ಸಂಸ್ಕೃತ ಶಬ್ದ. ಧ್ವನಿಸಾಮ್ಯವನ್ನು ಕಂಡು ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದು ಸರಿಯಲ್ಲ. ಬಾಗಿಲಿನ ಮೇಲೆ ಉಗ್ರಮೃಗವನ್ನು ನಿರೀಕ್ಷಿಸುವ ಎರಡು ಸಂಪ್ರದಾಯಗಳು ಈ ನೆಲದಲ್ಲಿ ಸಂಧಿಸಿದುವೆನ್ನುವುದೇ ಯುಕ್ತ.

ಈ ಸಂಧಿಯ ಅತ್ಯಂತ ಸ್ಪಷ್ಟವಾದ ಸಾಕ್ಷ್ಯವು ವರ್ಹಾಡದ ಗಾವಿಲಗಡದಲ್ಲಿದೆ. ಆ ಕೋಟೆಯ ದ್ವಾರದ ಮೇಲೆ ಆನೆಗಳನ್ನು ಹಿಡಿದ ಗಂಡಭೇರುಂಡವಿದೆ. ಕೋಟೆಯನ್ನು ಹದಿನೈದನೆಯ ಶತಮಾನದ ಕೊನೆಯಲ್ಲಿ ಬಲಪಡಿಸಿದವನು ಇಮಾದ್‌ಷಾಹಿ ವಂಶದ ಮೂಲಪುರುಷ ಫತೇಉಲ್ಲಾ. ಅವನು ವಿಜಯನಗರದ ಕನ್ನಡಿಗ ಕುಲದಲ್ಲಿ ಹುಟ್ಟಿ, ಬಾಲ್ಯದಲ್ಲಿ ಸೆರೆಸಿಕ್ಕು, ಬಹಮನಿಗಳ ಸೇವೆಯಲ್ಲಿ ಮೇಲೇರಿದವನೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಈ ವೃತ್ತಾಂತವೊಂದರಿಂದಲೇ ಲಾಂಛನವನ್ನು ವಿವರಿಸಹೊರಡುವುದು ಅವಸರವಾದೀತು. ಗಂಡಭೇರುಂಡವನ್ನು ನಾಣ್ಯದ ಮೇಲೆ ಮೆರೆಸಿದ ವಿಜಯನಗರದ ಅಚ್ಯುತರಾಯನು (೧೫೨೯-೧೫೪೨) ಫತೇಉಲ್ಲಾನಿಗಿಂತ ಈಚಿನವನು. ಆದ್ದರಿಂದ ಆ ನಾಣ್ಯಗಳು ಗಾವಿಲಗಡಕ್ಕೆ ಮಾದರಿಯಾಗಿರಲಾರವು. ಬಳ್ಳಿಗಾವೆಯ ಸ್ತಂಭವಾದರೋ ನಾಲ್ಕು ಶತಮಾನಗಳಷ್ಟು ಹಿಂದಿನದು. ವಿಜಯನಗರವೂ ಸುಲ್ತಾನರೂ ಹಳೆಯದೊಂದು ರಾಜಚಿಹ್ನೆಗೆ ಸಮಾನವಾಗಿ ಹಕ್ಕುದಾರರಾಗಿದ್ದರೆಂದು ಊಹಿಸುವುದು ಕಾಲಕ್ರಮಕ್ಕೆ ಹೆಚ್ಚು ಒಪ್ಪುತ್ತದೆ. ಯುದ್ಧಭೂಮಿಯಲ್ಲಿ ಎದುರಾಳಿಗಳಾಗಿದ್ದವರು ಬಲವನ್ನು ಸಾರುವ ಭಾಷೆಯಲ್ಲಿ ಒಂದೇ ಶಬ್ದವನ್ನು ಬಳಸುತ್ತಿದ್ದರು.

ಉತ್ತರದ ತೋಳಕ್ಕೂ ನಮ್ಮ ಭೇರುಂಡಕ್ಕೂ ರಕ್ತಸಂಬಂಧವನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಸಾಮ್ಯವಿದ್ದಲ್ಲೆಲ್ಲ ಸಂತಾನಸಂಬಂಧವಿರಬೇಕಾಗಿಲ್ಲ, ಭೇದಗಳೂ ಅಷ್ಟೇ ಮುಖ್ಯವಾದುವು. ನಾರ್ಸ್ ಜನರ ತೋಳವು ಕಟ್ಟಿಹಾಕಲ್ಪಟ್ಟ ವೈರಿ. ಅದು ಬಿಡಿಸಿಕೊಳ್ಳುವ ದಿನವೇ ದೇವತೆಗಳಿಗೆ ಕೊನೆಯ ದಿನ. ನಮ್ಮ ರಾಹುವು ಸೂರ್ಯನನ್ನು ನುಂಗಿದರೂ ಗ್ರಹಣವು ಬಿಟ್ಟೇ ಬಿಡುತ್ತದೆ. ಕೀರ್ತಿಮುಖವು ತನ್ನ ಹಸಿವನ್ನು ತನ್ನ ಮೇಲೆಯೇ ತಿರುಗಿಸಿಕೊಂಡು ಪೂಜ್ಯವಾಗುತ್ತದೆ. ಅಲ್ಲಿ ಭಯವನ್ನು ಮುಂದೂಡಲಾಗಿದೆ. ಇಲ್ಲಿ ಅದನ್ನು ಕಾವಲಿಗೆ ನೇಮಿಸಿಕೊಳ್ಳಲಾಗಿದೆ. ಆದರೆ ಹೊಸ್ತಿಲಿನ ವಿಷಯದಲ್ಲಿ ಎರಡು ನಾಡುಗಳೂ ಒಂದೇ ನಡತೆಯನ್ನು ತೋರಿಸುತ್ತವೆ: ಒಳಗೆ ನಡೆಯುವ ಆರಾಧನೆಯು ಬದಲಾದರೂ ಹೊರಗೆ ಕಾಯುವ ಮೃಗವು ಬದಲಾಗಲಿಲ್ಲ.

ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಗಂಡಭೇರುಂಡವು ನಡುವೆಯೂ ಗಜಕೇಸರಿಗಳು ಇಕ್ಕೆಲಗಳಲ್ಲಿಯೂ ನಿಂತಿವೆ. ಅದನ್ನು ಮೈಸೂರು ಅರಸರ ಬಳುವಳಿಯೆಂದಷ್ಟೇ ತಿಳಿಯುವ ವಿದ್ಯಾರ್ಥಿಗೆ ಆ ಚಿಹ್ನೆಯ ದೀರ್ಘಚರಿತ್ರೆಯ ಅರ್ಧಭಾಗವು ಮರೆಯಾಗುತ್ತದೆ. ಸುಲ್ತಾನರ ಬಾಗಿಲಿನ ಮೃಗವನ್ನು ಕಂಡೊಡನೆ ಅವಶೇಷವೆಂದು ತೀರ್ಮಾನಿಸುವುದಕ್ಕೆ ಮೊದಲು ಅದು ಆ ಬಾಗಿಲಿಗೆಂದೇ ಕೆತ್ತಿದ ಕಲ್ಲೇ, ಜೋಡಿಯಾಗಿದೆಯೇ, ಬಳಿಯಲ್ಲಿ ಶಾಸನವುಂಟೇ, ಕಾಲವು ಹೊಂದುವುದೇ ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಅವಶ್ಯ. ಕಲಬುರಗಿ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಪರೀಕ್ಷೆಗೆ ಬೇಕಾದ ಸಾಮಗ್ರಿಯು ಸಮೀಪದಲ್ಲಿಯೇ ಇದೆ. ಮಳೆಬಿಸಿಲುಗಳಿಗೆ ಕಲ್ಲು ಸವೆಯುತ್ತಿರುವುದರಿಂದ ಆ ಕಾರ್ಯವನ್ನು ಮುಂದೂಡುವುದು ಉಚಿತವಲ್ಲ.