ಸಾರಥಿಯಿಲ್ಲದ ರಥಕ್ಕೆ ಬೇರೆ ದಾರಿ

ಸಾರಥಿಯಿಲ್ಲದೆ ತಾವಾಗಿಯೇ ಚಲಿಸುವ ಮೋಟಾರುಗಳಿಗೆ ರಸ್ತೆಯಲ್ಲಿ ಪ್ರತ್ಯೇಕ ಪಥವನ್ನು ಮೀಸಲಿಡಬೇಕೆ ಎಂಬ ಪ್ರಶ್ನೆಯು ಹೊಸದಾಗಿ ತೋರಿದರೂ ಅದರ ಮೂಲವು ಹಳೆಯದು. ಯಂತ್ರವು ದಾರಿಗೆ ಒಗ್ಗಬೇಕೋ, ದಾರಿಯು ಯಂತ್ರಕ್ಕೆ ಒಗ್ಗಬೇಕೋ ಎಂಬುದೇ ಆ ಮೂಲ.

ಮೊದಲು ಒಗ್ಗಬೇಕಾದುದು ಯಂತ್ರವೇ ಆಗಿದ್ದಿತು. ಇಂಗ್ಲೆಂಡಿನ 1865ನೆಯ ಇಸವಿಯ ಶಾಸನದ ಮೇರೆಗೆ ಉಗಿಗಾಡಿಯು ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ ವೇಗವನ್ನು ಮೀರಕೂಡದಿದ್ದಿತು. ಅದರ ಮುಂದೆ 60 ಗಜ ದೂರದಲ್ಲಿ ಕೆಂಪು ಬಾವುಟವನ್ನು ಹಿಡಿದ ಆಳೊಬ್ಬನು ನಡೆಯಬೇಕಾಗಿದ್ದಿತು. 1896ರಲ್ಲಿ ಹಗುರವಾದ ಗಾಡಿಗಳಿಗೆ ಈ ಕಟ್ಟು ಸಡಿಲವಾಯಿತು. ಮೂವತ್ತು ವರ್ಷಗಳು ಕಳೆಯುವುದರೊಳಗೆ ನ್ಯಾಯವೇ ತಲೆಕೆಳಗಾಯಿತು. ಅಮೆರಿಕದ ಲಾಸ್ ಏಂಜಲಿಸ್ ನಗರವು ಪಾದಚಾರಿಗಳು ಬೀದಿಯನ್ನು ಎಲ್ಲಿ ದಾಟಬೇಕೆಂಬುದನ್ನು 1925ರಲ್ಲಿ ವಿಧಿಸಿತು. ಇತರ ನಗರಗಳೂ ಅದನ್ನು ಅನುಸರಿಸಿದುವು. ಮಕ್ಕಳು ಆಡುತ್ತಿದ್ದ ಬೀದಿಯು ಮೋಟಾರಿನ ಸ್ವತ್ತಾಯಿತು, ನಡೆಯುವವನು ಅಪರಾಧಿಯಾದನು.

ಪ್ರತ್ಯೇಕ ಪಥದ ಕನಸು ಇದರ ಮುಂದಿನ ಮೆಟ್ಟಿಲು. 1939ರ ನ್ಯೂಯಾರ್ಕ್ ಮಹಾಪ್ರದರ್ಶನದಲ್ಲಿ ನಾರ್ಮನ್ ಬೆಲ್ ಗೆಡ್ಡೀಸ್ ಎಂಬಾತನು ಜನರಲ್ ಮೋಟರ್ಸ್ ಸಂಸ್ಥೆಗಾಗಿ ಭವಿಷ್ಯದ ಹೆದ್ದಾರಿಯ ಮಾದರಿಯನ್ನು ರಚಿಸಿದನು. ಅಲ್ಲಿ ಗಾಡಿಗಳು ತಾವಾಗಿಯೇ ಅಂತರವನ್ನು ಕಾಯ್ದುಕೊಂಡು ತಮ್ಮ ತಮ್ಮ ಪಥಗಳಲ್ಲಿ ಓಡುವುವೆಂಬುದು ಅವನ ಕಲ್ಪನೆ. ಇಂತಹ ಹೆದ್ದಾರಿಯನ್ನು ಪ್ರಯೋಗಿಸಿ ನೋಡಬೇಕೆಂದು 1991ರಲ್ಲಿ ಅಮೆರಿಕದ ಕಾಂಗ್ರೆಸ್ಸು ಶಾಸನ ಮಾಡಿತು. 1997ರ ಆಗಸ್ಟಿನಲ್ಲಿ ಸ್ಯಾನ್ ಡಿಯೇಗೋ ಬಳಿ 7.6 ಮೈಲಿಯ ಮೀಸಲು ಪಥದಲ್ಲಿ, ನೆಲದಲ್ಲಿ ಹುದುಗಿಸಿದ ಅಯಸ್ಕಾಂತಗಳ ಜಾಡು ಹಿಡಿದು ಎಂಟು ಗಾಡಿಗಳು ಒಂದರ ಹಿಂದೊಂದು ಓಡಿದುವು. ಪ್ರಯೋಗವು ಗೆದ್ದಿತು, ಆದರೆ ಹೆದ್ದಾರಿಯು ಹುಟ್ಟಲಿಲ್ಲ. ಗಾಡಿಗಳಿಲ್ಲದೆ ಪಥವನ್ನು ಕಟ್ಟುವವರಿಲ್ಲ. ಪಥವಿಲ್ಲದೆ ಗಾಡಿಗಳನ್ನು ಕೊಳ್ಳುವವರಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತಾಯಿತು.

ಆಮೇಲೆ ಗಾಡಿಗೇ ಕಣ್ಣು ಕೊಡುವ ಯತ್ನವು ಬಲಗೊಂಡಿತು. 2004ರಲ್ಲಿ ಮೊಹಾವಿ ಮರುಭೂಮಿಯ ಪಂದ್ಯದಲ್ಲಿ ಒಂದು ಗಾಡಿಯೂ ಗುರಿ ಮುಟ್ಟಲಿಲ್ಲ. ಮರುವರ್ಷ 132 ಮೈಲಿಯ ಹಾದಿಯನ್ನು ಐದು ಗಾಡಿಗಳು ಕ್ರಮಿಸಿದುವು. 2020ರಲ್ಲಿ ಫೀನಿಕ್ಸ್ ಪ್ರದೇಶದ ಸಾಮಾನ್ಯ ಬೀದಿಗಳಲ್ಲಿಯೇ ಸಾರಥಿಯಿಲ್ಲದ ಬಾಡಿಗೆ ಗಾಡಿಗಳು ಸಾರ್ವಜನಿಕರಿಗೆ ದೊರೆತುವು. ಆದರೆ ಅದೇ ಸೀಮೆಯ ಟೆಂಪೆಯಲ್ಲಿ, 2018ರ ಒಂದು ರಾತ್ರಿ, ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಪರೀಕ್ಷಾರ್ಥವಾಗಿ ಓಡುತ್ತಿದ್ದ ಇಂತಹ ಗಾಡಿಗೆ ಬಲಿಯಾದುದನ್ನು ಮರೆಯಲಾಗದು.

ಈ ದುರಂತವನ್ನು ಮುಂದೊಡ್ಡಿ ಬೇರೆ ಪಥವನ್ನು ಕೇಳುವವರುಂಟು. ದೂರದ ಹೆದ್ದಾರಿಯಲ್ಲಿ, ಸರಕು ಸಾಗಿಸುವ ಗಾಡಿಗಳಿಗಾಗಿ, ಅವುಗಳ ಒಡೆಯರ ವೆಚ್ಚದಿಂದಲೇ ಹೊಸದಾಗಿ ಕಟ್ಟುವ ಪಥಕ್ಕೆ ಯಾರೂ ಅಡ್ಡಿಪಡಿಸಬೇಕಾಗಿಲ್ಲ. ಊರ ಬೀದಿಯ ಮಾತು ಬೇರೆ. ಅಲ್ಲಿ ಒಂದು ಪಥವನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ ನಡೆಯುವವನು ಇನ್ನೊಮ್ಮೆ ಅಂಚಿಗೆ ಸರಿಯಬೇಕಾಗುವುದು. 1925ರಲ್ಲಿ ಕಳೆದುದನ್ನೇ ನಾವಿನ್ನೂ ಮರಳಿ ಪಡೆದಿಲ್ಲ. ಜನರ ನಡುವೆ ನಡೆಯಲು ಕಲಿಯದ ಯಂತ್ರವು ಕಲಿಯುವವರೆಗೆ ಕಾಯಲಿ, ಬೀದಿಯು ಕಾಯಬೇಕಾಗಿಲ್ಲ.